ಮೂವತ್ತೇಳನೆಯ ಫಾರಂ

ಅರವತ್ತೆರಡು ಇರಬೇಕಾದ ಕಡೆ ಅರವತ್ತೊಂದಿತ್ತು.

ಪುಟ್ಟಿ ಮೂರನೆಯ ಸಲ ಎಣಿಸಿದಳು. ಮೂರನೆಯ ಸಲವೂ ಅಷ್ಟೇ. ಮೂವತ್ತಾರನೆಯ ಫಾರಂ ಎತ್ತಿದರೆ ಅದರ ಕೆಳಗೆ ಮೂವತ್ತೆಂಟು ತೆಪ್ಪಗೆ ಮಲಗಿತ್ತು, ನಡುವೆ ಇನ್ನೊಂದು ಇತ್ತೆಂಬುದೇ ತನಗೆ ತಿಳಿಯದು ಎನ್ನುವ ಹಾಗೆ. ಗೋಡೆ ಗಡಿಯಾರದಲ್ಲಿ ಹನ್ನೆರಡೂವರೆ. ಸಂಜೆ ಐದಕ್ಕೆ ಈ ಕಟ್ಟು ಪ್ರಕಾಶಕರ ಮೇಜಿನ ಮೇಲಿರಬೇಕು.

ಪುಟ್ಟಿ ಎಂದರೆ ಎರಡು ಜಡೆಯ ಹುಡುಗಿ ಎಂದುಕೊಳ್ಳಬೇಡಿ. ವಯಸ್ಸು ನಲವತ್ತಮೂರು, ಮೂಗಿನ ಮೇಲೆ ದಪ್ಪ ಕನ್ನಡಕ, ಅದರ ಪಕ್ಕದಲ್ಲೇ ಕೋಪ. ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ಹಗಲೆಲ್ಲ ಊರವರ ತಪ್ಪು ತಿದ್ದಿ, ಬೆಳಗಿನ ಜಾವ ಎದ್ದು ತನ್ನ ತಪ್ಪುಗಳನ್ನು ತಾನೇ ಬರೆದುಕೊಂಡು ಹನ್ನೊಂದು ವರ್ಷ ಕಳೆದಿದ್ದಳು. ಪುಟ್ಟಿ ಎಂದು ಕರೆದವಳು ಅಕ್ಕ. ಅಕ್ಕ ಕರೆದ ಮೇಲೆ ಮುಗಿಯಿತು, ಬದಲಿಸುವ ಧೈರ್ಯ ಯಾರಿಗಿತ್ತು?

ಅಕ್ಕ ಅವಳಿಗಿಂತ ಹನ್ನೊಂದು ವರ್ಷ ದೊಡ್ಡವಳು. ಅಪ್ಪ ಬಿಟ್ಟುಹೋದ ಬೈಂಡಿಂಗ್ ಅಂಗಡಿ ಈಗ ಅಕ್ಕನದು. ಉದ್ದನೆಯ ಒಂದೇ ಕೋಣೆ, ರಸ್ತೆಯ ಕಡೆ ಕಬ್ಬಿಣದ ಷಟರ್. ಒಂದು ಮೂಲೆಯಲ್ಲಿ ಹಿಡಿಕೆ ಎಳೆದು ಕಾಗದ ಕತ್ತರಿಸುವ ಹಳೆಯ ಯಂತ್ರ, ಇನ್ನೊಂದು ಮೂಲೆಯಲ್ಲಿ ಪುಸ್ತಕಗಳನ್ನು ಒತ್ತಿಡುವ ಪ್ರೆಸ್ಸು, ನಡುವೆ ಗಾಯಗಳಿಂದ ತುಂಬಿದ ಮೇಜು. ಯಾವಾಗಲೂ ಮೈದಾ ಅಂಟಿನ ಹುಳಿ ವಾಸನೆ. ಕೆಲಸಕ್ಕೆ ಇರುವುದು ಒಬ್ಬಳೇ ಹೆಂಗಸು. ಇಪ್ಪತ್ತು ವರ್ಷದಿಂದ ಕಿಟಕಿ ಪಕ್ಕ ಕೂತು ಪುಸ್ತಕ ಹೊಲಿಯುತ್ತ ಬಂದ ಆಕೆಯನ್ನು ಎಲ್ಲರೂ ಸೂಜಿಯಮ್ಮ ಎನ್ನುತ್ತಿದ್ದರು.

ಬೈಂಡಿಂಗ್ ಮನೆಯ ಮಕ್ಕಳಿಗೆ ಪುಸ್ತಕ ಇಡಿಯಾಗಿ ಸಿಗುವುದಿಲ್ಲ. ಅಚ್ಚಾದ ದೊಡ್ಡ ಹಾಳೆಗಳು ಬರುತ್ತವೆ. ಒಂದನ್ನು ಮೂರು ಸಲ ಮಡಿಸಿದರೆ ಹದಿನಾರು ಪುಟ, ಅದೇ ಒಂದು ಫಾರಂ. ಫಾರಂಗಳನ್ನು ಪೇರಿಸಿ ಹೊಲಿದರೆ ಪುಸ್ತಕ. ಹೊಲಿದ ಮೇಲೆ ಅದು ಗಿರಾಕಿಯ ಸ್ವತ್ತು, ಮುಟ್ಟಬಾರದು. ಆದ್ದರಿಂದ ಪುಟ್ಟಿ ಓದಿದ ದಪ್ಪ ದಪ್ಪ ಕಾದಂಬರಿಗಳೆಲ್ಲ ಹೊಲಿಗೆಗೆ ಮುಂಚೆ, ಕೈಗೆ ಸಿಕ್ಕ ಫಾರಂಗಳಲ್ಲಿ. ಏಳನೆಯದು ಮೊದಲು, ಮೂರನೆಯದು ಆಮೇಲೆ, ಐದನೆಯದು ಸಿಗಲೇ ಇಲ್ಲ. ಮದುವೆಗೆ ಮುಂಚೆ ಮಗು ಹುಟ್ಟುತ್ತಿತ್ತು, ಮಣ್ಣಾದವನು ಮಧ್ಯಾಹ್ನ ಎದ್ದು ಬಂದು ಕಾಫಿ ಕೇಳುತ್ತಿದ್ದ. ನಡುವಿನ ತೂತನ್ನು ತಾನೇ ತುಂಬಿಕೊಳ್ಳಬೇಕು. ತುಂಬುತ್ತ ತುಂಬುತ್ತಲೇ ಅವಳು ಬರಹಗಾರ್ತಿಯಾದದ್ದು.

ಬರೆಯುವುದೂ ಫಾರಂನಲ್ಲೇ. ಒಂದು ಮಗ್ಗುಲಲ್ಲಿ ಅಚ್ಚು ಕೆಟ್ಟು ರದ್ದಿಗೆ ಬಿದ್ದ ಹಾಳೆಗಳನ್ನು ಅಕ್ಕ ಎತ್ತಿಡುತ್ತಿದ್ದಳು. ಪುಟ್ಟಿ ಅವನ್ನು ಕೆಟ್ಟ ಮಗ್ಗುಲು ಹೊರಗೆ ಬರುವಂತೆ ಮಡಿಸಿ, ಒಳಗಿನ ಖಾಲಿ ಪುಟಗಳಲ್ಲಿ ನೀಲಿ ಶಾಯಿಯಿಂದ ಬರೆದು, ಹೊರಗೆ ಕೆಂಪು ಪೆನ್ಸಿಲ್ಲಿನಿಂದ ಅಂಕಿ ಹಾಕುತ್ತಿದ್ದಳು. ಮುಚ್ಚಿಟ್ಟರೆ ಯಾರಿಗಾದರೂ ಅದು ರದ್ದಿಯೇ. ಕೆಂಪು ಅಂಕಿಯೊಂದೇ ಗುರುತು.

"ಈ ಕಾಲದಲ್ಲಿ ಅಷ್ಟು ದಪ್ಪ ಪುಸ್ತಕ ಯಾರಮ್ಮ ಓದ್ತಾರೆ?" ಎಂದು ಪ್ರಕಾಶಕರು ಮೊದಲ ದಿನವೇ ಕೇಳಿದ್ದರು. ಪುಟ್ಟಿಯ ಹತ್ತಿರ ಉತ್ತರ ಸಿದ್ಧವಾಗಿತ್ತು, ಹನ್ನೊಂದು ವರ್ಷದಿಂದ ಬಾಯಲ್ಲಿಟ್ಟುಕೊಂಡು ಓಡಾಡಿದ್ದು. ಸಣ್ಣ ಕಥೆಗೆ ನಾವು ನೆಂಟರ ಹಾಗೆ ಹೋಗಿ ಬರುತ್ತೇವೆ, ದೊಡ್ಡ ಕಾದಂಬರಿಯಲ್ಲಿ ಬಾಡಿಗೆಗಿರುತ್ತೇವೆ. ಯಾವ ಮೆಟ್ಟಿಲು ಕಿರುಗುಟ್ಟುತ್ತದೆ, ಯಾರು ಯಾವಾಗ ಸುಳ್ಳು ಹೇಳುತ್ತಾರೆ, ಎಲ್ಲ ಗೊತ್ತಾಗುತ್ತದೆ. ನೂರಿನ್ನೂರು ಪುಟ ಏನೂ ನಡೆಯದೆ ಆಕಳಿಸುತ್ತೇವೆ. ಆದರೆ ಆಮೇಲೆ ಆ ಮನೆಯಲ್ಲಿ ಒಬ್ಬರು ಸತ್ತರೆ ನಮ್ಮ ಕಣ್ಣಲ್ಲೇ ನೀರು ಬರುವುದು ಆ ಆಕಳಿಕೆಯಿಂದಾಗಿ. ಜೊತೆಗೆ ಬೇಸರಪಟ್ಟವರೇ ನಮ್ಮವರು. ಇದನ್ನೆಲ್ಲ ಹೇಳದೆ ಅವಳು "ಓದುವವರು ಓದ್ತಾರೆ ಸರ್" ಎಂದಷ್ಟೇ ಹೇಳಿ ಬಂದಿದ್ದಳು. ಬರೆಯುವವರ ಬಾಯಿ ಬೇಕಾದಾಗ ಕಟ್ಟುತ್ತದೆ.

ಪ್ರಕಾಶಕರು ಕಾದಂಬರಿ ಓದಿದರು, ಮೆಚ್ಚಿದರು, ವಾಪಸ್ಸು ಕೊಟ್ಟರು. "ಮೂವತ್ತಾರಕ್ಕೂ ಮೂವತ್ತೆಂಟಕ್ಕೂ ನಡುವೆ ಒಂದು ಹಳ್ಳ ಇದೆಯಮ್ಮ. ಅದು ತುಂಬದೆ ನಾನು ಅಚ್ಚು ಹಾಕಲ್ಲ."

ಹಳ್ಳ ಇದ್ದದ್ದು ನಿಜ. ಅವಳದು ಒಂದು ಬೈಂಡಿಂಗ್ ಮನೆಯ ಕಥೆ. ಅಪ್ಪ, ಅಮ್ಮ, ದೊಡ್ಡ ಮಗಳು, ಚಿಕ್ಕ ಮಗಳು. ಮೂವತ್ತಾರನೆಯ ಫಾರಂ ಮುಗಿಯುವಾಗ ಅಪ್ಪ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುತ್ತಾನೆ. ಮೂವತ್ತೆಂಟು ಶುರುವಾಗುವಾಗ ಅವನ ಬಲಗೈಯ ನಾಲ್ಕು ಬೆರಳಿಲ್ಲ. ನಡುವೆ ಏನಾಯಿತೆಂದು ಬರೆಯಲು ಹನ್ನೊಂದು ವರ್ಷದಿಂದ ಕೈಬರದೆ ಪುಟ್ಟಿ ಆ ಅಂಕಿಯನ್ನೇ ಹಾರಿಸಿಬಿಟ್ಟಿದ್ದಳು. ಅವಳ ಸ್ವಂತ ಅಪ್ಪನ ಬೆರಳು ಹೋದದ್ದೂ ಹೀಗೇ, ಅವಳಿಗೆ ಎರಡು ವರ್ಷವಿದ್ದಾಗ. ಮನೆಯಲ್ಲಿ ಕೇಳಿದ ಕಥೆ ಒಂದೇ: ಅಪ್ಪ ಯಂತ್ರದ ಹತ್ತಿರ ಒಬ್ಬನೇ ಇದ್ದ, ಕೈ ಜಾರಿತು. ಕೈ ಜಾರಿತು ಎಂಬ ಎರಡು ಮಾತಿನಿಂದ ಇಡೀ ಒಂದು ಫಾರಂ ಬರೆಯಲಾಗುತ್ತದೆಯೇ?

ಎರಡು ವಾರದ ಹಿಂದೆ, ಕರಡು ತಿದ್ದುತ್ತಿದ್ದ ಮಧ್ಯಾಹ್ನ, ಅದು ತಾನಾಗಿ ಬಂತು. ಕಾದಂಬರಿಯ ದೊಡ್ಡ ಮಗಳು ಯಂತ್ರದ ಹಿಡಿಕೆಯ ಹತ್ತಿರ ನಿಂತಿದ್ದಾಳೆ. ಅಪ್ಪ ಕಾಗದ ಸರಿಸಿ ಹ್ಞೂಂ ಎಂದಾಗ ಎಳೆಯಬೇಕು. ಆದರೆ ಅವಳ ಎಡಗೈಯಲ್ಲಿ ಒಂದು ಕಾದಂಬರಿಯ ಫಾರಂ ಇದೆ. ಅವಳು ಓದುತ್ತಿದ್ದಾಳೆ. ಪುಟ್ಟಿ ನಾಲ್ಕು ದಿನ ರಜೆ ಹಾಕಿ ಬರೆದಳು. ಇಷ್ಟು ಚೆನ್ನಾಗಿ ತಾನು ಹಿಂದೆ ಬರೆದಿಲ್ಲ, ಮುಂದೆ ಬರೆಯುವುದೂ ಅನುಮಾನ ಎಂದು ಅವಳಿಗೆ ಗೊತ್ತಾಗಿತ್ತು.

ಫೋನಿನಲ್ಲಿ ಪ್ರಕಾಶಕರು ಹೇಳಿದ್ದು ಸ್ಪಷ್ಟವಾಗಿತ್ತು. "ಈ ವರ್ಷ ದಪ್ಪ ಪುಸ್ತಕಕ್ಕೆ ಒಂದೇ ಜಾಗ ಇಟ್ಟಿದೀನಿ. ಶುಕ್ರವಾರ ಐದು ಗಂಟೆ. ತಪ್ಪಿದ್ರೆ ಇನ್ನೊಬ್ಬರದು ರೆಡಿ ಇದೆ." ಐದು ದಿನದ ಹಿಂದೆ ಅಕ್ಕ ತಾನಾಗಿ ಕೇಳಿ ಕಟ್ಟನ್ನು ಇಸಿದುಕೊಂಡಿದ್ದಳು, ಅಂಚು ಸರಿಮಾಡಿ ರಟ್ಟಿನ ನಡುವೆ ಕಟ್ಟಿಕೊಡುತ್ತೇನೆಂದು. ಮೂವತ್ತೇಳನೆಯದಕ್ಕೆ ಝೆರಾಕ್ಸ್ ಮಾಡಿಸಿಲ್ಲವೆಂದು ಪುಟ್ಟಿಗೆ ನೆನಪಾದದ್ದು ಇವತ್ತು ಶುಕ್ರವಾರ, ಹನ್ನೆರಡೂವರೆಗೆ.

"ಅಕ್ಕ, ಒಂದು ಫಾರಂ ಇಲ್ಲ."

ಅಕ್ಕ ಪ್ರೆಸ್ಸಿನ ತಿರುಪು ಬಿಗಿ ಮಾಡುತ್ತಿದ್ದಳು, ತಿರುಗಲಿಲ್ಲ. "ಸರಿಯಾಗಿ ನೋಡು. ಕನ್ನಡಕ ಒರೆಸ್ಕೋ."

"ಮೂರು ಸಲ ನೋಡ್ದೆ. ಮೂವತ್ತೇಳು ಇಲ್ಲ."

"ಮನೇಲೇ ಬಿಟ್ಟಿರ್ತೀಯ."

"ನಾನೇ ಎಣಿಸಿ ಕೊಟ್ಟಿದೀನಿ ನಿನ್ನ ಕೈಗೆ."

"ಹಾಗಾದ್ರೆ ಇಲ್ಲೇ ಎಲ್ಲೋ ಇರುತ್ತೆ. ಕಾಗದಕ್ಕೇನು ಕಾಲು ಬರುತ್ತಾ?"

ಹುಡುಕಿದರು. ಮೇಜಿನ ಕೆಳಗೆ, ರಟ್ಟಿನ ರಾಶಿಯ ಹಿಂದೆ, ರದ್ದಿ ಚೀಲದ ಬುಡದವರೆಗೆ. ಸೂಜಿಯಮ್ಮ ತನ್ನ ಕೂರುವ ಮಣೆಯನ್ನೂ ಎತ್ತಿ ನೋಡಿದಳು. ಪುಟ್ಟಿ ಚೀಲ ಬೋರಲು ಹಾಕಿ ಒಂದೊಂದೇ ಚೂರು ಬಿಡಿಸಿ ನೋಡುವಾಗ ಅಕ್ಕ ಪಕ್ಕದಲ್ಲಿ ಕೂತು ತಾನೂ ಬಿಡಿಸಿದಳು, ನಿಧಾನವಾಗಿ, ಸಿಕ್ಕೀತೆಂಬ ಆಸೆಯೂ ಇಲ್ಲದೆ ಸಿಕ್ಕಲಿಲ್ಲವೆಂಬ ಬೇಸರವೂ ಇಲ್ಲದೆ. ಒಂದು ಸೂಜಿ ಕಳೆದರೆ ಕೋಣೆಯನ್ನೇ ತಲೆಕೆಳಗು ಮಾಡುವ ಹೆಂಗಸು ಇವಳು. ಪುಟ್ಟಿಗೆ ಆಗ ಅದು ಹೊಳೆಯಲಿಲ್ಲ. ಗಾಬರಿಯಲ್ಲಿದ್ದವರಿಗೆ ಪಕ್ಕದವರ ಮುಖ ಕಾಣುವುದಿಲ್ಲ.

ಎರಡು ಗಂಟೆಗೆ ಅವಳು ಹೊಸ ಹಾಳೆ ಮಡಿಸಿ ಬರೆಯಲು ಕೂತಳು. ಬರೆದದ್ದನ್ನೇ ಮತ್ತೆ ಬರೆಯುವುದು ತಾನೇ? ಹುಡುಗಿ, ಹಿಡಿಕೆ, ಎಡಗೈಯಲ್ಲಿ ಹಾಳೆ. ಮಾತುಗಳು ಬಂದವು, ಆದರೆ ಎಲ್ಲ ವರದಿಗಾರನ ಮಾತುಗಳು. ಹುಡುಗಿ ಬೊಂಬೆಯಂತೆ ನಿಂತಳು, ಅಪ್ಪ ಬೊಂಬೆಯಂತೆ ಕಿರುಚಿದ. ಮೂರು ಗಂಟೆಗೆ ಹಾಳೆಯನ್ನು ಹರಿದು ಎಸೆದು ತಲೆಯ ಮೇಲೆ ಕೈಹೊತ್ತು ಕೂತಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ.

"ಪುಟ್ಟಮ್ಮ, ಬೇಜಾರು ಮಾಡ್ಕೋಬೇಡಿ," ಸೂಜಿಯಮ್ಮ ಮೆಲ್ಲಗೆ ಅಂದಳು. ಅವಳು ಈ ಕಾದಂಬರಿಯ ಹಳೆಯ ಓದುಗಾರ್ತಿ, ಮಧ್ಯಾಹ್ನ ಡಬ್ಬಿ ಬಿಚ್ಚಿದಾಗಲೆಲ್ಲ ಒಂದೊಂದು ಫಾರಂ ಇಸಿದುಕೊಳ್ಳುತ್ತಿದ್ದವಳು. "ನಂಗೂ ಆ ಜಾಗದಲ್ಲೇ ಒಂದು ಮುಳ್ಳು ಇತ್ತು. ಆ ದೊಡ್ಡ ಹುಡುಗಿ ಮೊದಲೆಲ್ಲ ಅಷ್ಟು ಓದ್ತಾಳೆ, ಬಚ್ಚಲಲ್ಲೂ ಓದ್ತಾಳೆ. ಮೂವತ್ತೆಂಟರಿಂದ ಒಂದಕ್ಷರ ಮುಟ್ಟಲ್ಲ. ಯಾಕೆ ಅಂತ ನೀವು ಎಲ್ಲೂ ಹೇಳಿರಲಿಲ್ಲ."

"ಅದನ್ನೇ ಬರ್ದಿದ್ದೆ," ಎಂದಳು ಪುಟ್ಟಿ.

ಹುಡುಗಿ ಓದುವುದನ್ನು ಬಿಟ್ಟದ್ದು ಕಟ್ಟುಕಥೆಯಲ್ಲ, ಅಕ್ಕನಿಂದ ತೆಗೆದುಕೊಂಡದ್ದು. ಅಕ್ಕ ಪುಸ್ತಕ ಓದುವುದಿಲ್ಲ. ದಿನಕ್ಕೆ ಮೂವತ್ತು ಪುಸ್ತಕ ಕೈಯಲ್ಲಿ ಹಾಯುತ್ತವೆ, ಒಂದನ್ನೂ ಬಿಡಿಸಿ ನೋಡುವುದಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎಂದು ಮನೆಮಂದಿಯೆಲ್ಲ ನಗುತ್ತಿದ್ದರು, ಅಕ್ಕನೂ ನಗುತ್ತಿದ್ದಳು. ಚಿಕ್ಕಂದಿನಲ್ಲಿ ಓದುತ್ತಿದ್ದಳಂತೆ, ಆಮೇಲೆ ಬಿಟ್ಟಳಂತೆ. ಯಾಕೆಂದು ಯಾರೂ ಕೇಳಿರಲಿಲ್ಲ.

ಸೂಜಿಯಮ್ಮ ದಾರ ಕಚ್ಚಿ ತುಂಡು ಮಾಡಿ, ದನಿ ತಗ್ಗಿಸಿದಳು. "ಅಕ್ಕಾವ್ರಿಗೂ ಈ ವಾರ ಮೈ ಸರಿ ಇಲ್ಲ ಅನ್ಸುತ್ತೆ. ಗ್ರಂಥಾಲಯದ ಈ ನಲವತ್ತು ಪುಸ್ತಕಕ್ಕೆ ಬೆನ್ನಿನ ಪಟ್ಟಿ ಅವ್ರೇ ಕತ್ತರಿಸಿ ಅವ್ರೇ ಅಂಟಿಸಿದ್ರು. ಅದು ನನ್ನ ಕೆಲಸ. ನಾನು ಬಂದಾಗಿಂದ ಒಂದು ದಿನ ಅವ್ರು ಮುಟ್ಟಿದ್ದಿಲ್ಲ. ಮನೆಗೆ ಹೋಗಿ ಅಂತ ಬೇಗ ಕಳಿಸಿಬಿಟ್ರು ನನ್ನ."

ಪುಟ್ಟಿ ತಲೆಯೆತ್ತಿದಳು.

ನಲವತ್ತು ಪುಸ್ತಕ ಮೇಜಿನ ತುದಿಯಲ್ಲಿ ನಾಲ್ಕು ಸಾಲಾಗಿ ನಿಂತಿದ್ದವು. ಹರಿದುಹೋದ ಹಳೆಯ ದಪ್ಪ ಕಾದಂಬರಿಗಳು, ಈಗ ಹಸಿರು ಬಟ್ಟೆಯ ಹೊಸ ಬೆನ್ನು ತೊಟ್ಟಿದ್ದವು. ಸಂಜೆ ಗ್ರಂಥಾಲಯದ ಗಾಡಿ ಬರುವುದಿತ್ತು. ಬೈಂಡ್ ಆದ ಪುಸ್ತಕವನ್ನು ನಡುವೆ ಅಗಲವಾಗಿ ಬಿಡಿಸಿದರೆ ಬೆನ್ನಿನ ಬಟ್ಟೆಗೂ ಒಳಗಿನ ಹೊಲಿಗೆಗೂ ನಡುವೆ ಒಂದು ಸಂದು ತೆರೆದುಕೊಳ್ಳುತ್ತದೆ. ಬಟ್ಟೆ ಸೊಟ್ಟಗಾಗದಿರಲೆಂದು ಅದರ ಒಳಮೈಗೆ ರದ್ದಿ ಕಾಗದದ ಒಂದು ಪಟ್ಟಿ ಅಂಟಿಸಿರುತ್ತಾರೆ. ಪುಟ್ಟಿ ಮೊದಲ ಪುಸ್ತಕ ಎತ್ತಿಕೊಂಡು ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಕೊಳವೆಯಲ್ಲಿ ಇಣುಕುವಂತೆ ಆ ಸಂದಿನಲ್ಲಿ ಇಣುಕಿದಳು.

ಒಳಗೆ ನೀಲಿ ಶಾಯಿ. ಅವಳದೇ ಅಕ್ಷರ.

ಎರಡನೆಯದು. ಮೂರನೆಯದು. ನಾಲ್ಕನೆಯ ಪುಸ್ತಕದ ಬೆನ್ನಲ್ಲಿ ನೀಲಿಯ ನಡುವೆ ಹಿಂಬದಿಯಿಂದ ಮಸುಕಾಗಿ ಮೂಡಿದ ಕೆಂಪು ಗೆರೆ, ಅಂಕಿಯ ಅರ್ಧ. ಒಂದು ಹಾಳೆ, ನಲವತ್ತು ಪಟ್ಟಿ. ಅಕ್ಕ ಒಂದಿಂಚೂ ದಂಡ ಮಾಡಿರಲಿಲ್ಲ.

"ಸೂಜಿಯಮ್ಮ, ಇವತ್ತು ನೀವು ಹೊರಡಿ," ಎಂದಿತು ಹಿಂದಿನಿಂದ ಅಕ್ಕನ ದನಿ. ಸೂಜಿಯಮ್ಮ ಇಬ್ಬರ ಮುಖವನ್ನೂ ನೋಡಿ, ಡಬ್ಬಿ ಕೈಗೆತ್ತಿಕೊಂಡು, ಚಪ್ಪಲಿಯನ್ನು ಬೀದಿಯಲ್ಲಿ ಮೆಟ್ಟಿಕೊಂಡಳು. ಅಕ್ಕ ಷಟರನ್ನು ಅರ್ಧ ಇಳಿಸಿದಳು.

"ರದ್ದಿ ಅಂದ್ಕೊಂಡೆ ಅಂತ ಮಾತ್ರ ಹೇಳ್ಬೇಡ," ಪುಟ್ಟಿಯ ದನಿ ತನಗೇ ಅಪರಿಚಿತವಾಗಿತ್ತು. "ಅಂಕಿ ಕಂಡಿದೆ ನಿಂಗೆ."

"ಕಂಡಿತ್ತು."

"ಬೇಕೂಂತ ಮಾಡಿದೀಯ."

"ಹೂಂ."

"ಹನ್ನೊಂದು ವರ್ಷ ಅಕ್ಕ! ಹನ್ನೊಂದು ವರ್ಷದಲ್ಲಿ ನಾಲ್ಕು ದಿನ ಕೈಗೆ ಬಂದಿದ್ದು ಅದು. ಹರಿದು ಎಸೆದಿದ್ರೆ ಇದಕ್ಕಿಂತ ಮರ್ಯಾದೆ ಇರ್ತಿತ್ತು."

"ಎಸೆಯೋಣ ಅಂತಲೇ ತಗೊಂಡೆ." ಅಕ್ಕ ಅಂಟಾದ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಒಣಗಿದ ಕೈಯನ್ನು ಮತ್ತೆ ಮತ್ತೆ. "ಹರಿಯೋಕೆ ಕೈ ಬರಲಿಲ್ಲ. ಒಲೆಗೂ ಹಾಕೋಕಾಗ್ಲಿಲ್ಲ. ಚೆನ್ನಾಗಿ ಬರ್ದಿದೀಯ ಕಣೇ, ಹಾಳಾದೋಳೆ. ಮೊದಲನೇದರಿಂದ ಓದ್ಕೊಂಡು ಬಂದೆ, ಮೂರು ದಿನ. ನಲವತ್ತೊಂದು ವರ್ಷ ಆದ್ಮೇಲೆ ನಾನು ಓದಿದ ಮೊದಲ ಪುಸ್ತಕ. ಆ ಮೂವತ್ತಾರು ಫಾರಂ ಊಟ ನಿದ್ದೆ ಬಿಟ್ಟು ಓದಿದೆ. ಮೂವತ್ತೇಳಕ್ಕೆ ಬಂದೆ." ಅವಳು ಹಸಿರು ಬೆನ್ನುಗಳ ಕಡೆ ಕೈತೋರಿದಳು. "ಬೆನ್ನೊಳಗೆ ಇಟ್ರೆ ನೂರು ವರ್ಷ ಇರುತ್ತೆ. ಹುಳ ತಿನ್ನಲ್ಲ, ಬಿಸಿಲು ಬೀಳಲ್ಲ. ಅಂಟು ತಾಕಿ ಶಾಯಿ ಕದಡಬಾರ್ದು ಅಂತ ಬರಹ ಮೇಲೆ ಬರೋ ಹಾಗೆ ಅಂಟಿಸಿದೀನಿ, ನೋಡು. ಹಾಳೂ ಆಗಲ್ಲ, ಯಾರೂ ಓದೋದೂ ಇಲ್ಲ."

ಪುಟ್ಟಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಅಕ್ಕ ಕೇಳಿದಳು, ಪುಟ್ಟಿ ಹಿಂದೆಂದೂ ಕೇಳಿರದಷ್ಟು ಸಣ್ಣ ದನಿಯಲ್ಲಿ:

"ಅಪ್ಪ ನಿಂಗೆ ಯಾವಾಗ ಹೇಳ್ದ?"

"ಏನನ್ನ?"

"ಯಾರಿಗೂ ಹೇಳಲ್ಲ ಅಂತ ನನ್ನ ತಲೆ ಮೇಲೆ ಕೈಯಿಟ್ಟು ಹೇಳಿದ್ದ. ಇದ್ದಿದ್ದೊಂದು ಕೈ. ಸಾಯೋವರೆಗೆ ಅಮ್ಮನ ಹತ್ರಾನೂ ಬಾಯಿ ಬಿಡಲಿಲ್ಲ. ನಿನ್ನ ಹತ್ರ ಯಾಕೆ ಹೇಳ್ದ? ಆಸ್ಪತ್ರೆಯಲ್ಲಾ? ಕೊನೆ ವಾರ ನೀನೇ ತಾನೆ ಪಕ್ಕದಲ್ಲಿ ಇದ್ದಿದ್ದು?"

ಪುಟ್ಟಿಯ ಕೈಯಲ್ಲಿದ್ದ ಪುಸ್ತಕ ತಾನಾಗಿ ಮುಚ್ಚಿಕೊಂಡಿತು. ಹೊರಗೆ ಯಾವುದೋ ಗಾಡಿ ಹಾರನ್ ಹೊಡೆಯುತ್ತ ಹೋಯಿತು.

"ಅಕ್ಕ," ಎಂದಳು. "ಅಪ್ಪ ನಂಗೇನೂ ಹೇಳಿಲ್ಲ. ಒಬ್ಬನೇ ಇದ್ದೆ, ಕೈ ಜಾರ್ತು ಅಂದ, ಅಷ್ಟೇ. ಅದು ನಾನು ಕಟ್ಟಿದ್ದು. ಕಥೆಗೆ ಬೇಕಾಗಿತ್ತು, ಕಟ್ಟಿದೆ."

ಅಕ್ಕ ಮೇಜಿನ ಅಂಚು ಹಿಡಿದು ಸೂಜಿಯಮ್ಮನ ಮಣೆಯ ಮೇಲೆ ಕುಸಿದಳು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತಲ್ಲೇ ನನ್ನ ಕಥೆ," ಎಂದಳು. ನಗಲು ಹೋದಳು, ಆಗಲಿಲ್ಲ.

ನಿಜ ಹೇಳಬೇಕು. ಪುಟ್ಟಿಗೆ ಆ ಕ್ಷಣ ಮೊದಲು ಆದದ್ದು ಮರುಕವಲ್ಲ, ಹೆಮ್ಮೆ. ಏನೂ ಗೊತ್ತಿಲ್ಲದೆ, ಬರೀ ಓದದ ಒಬ್ಬ ಹೆಂಗಸನ್ನು ನಲವತ್ತು ವರ್ಷ ನೋಡಿ ನೋಡಿ, ತೂತು ತುಂಬಿ ನಿಜವನ್ನು ಮುಟ್ಟಿದ್ದಳು. ಯಾವ ಬರಹಗಾರ್ತಿಗೆ ಮೈ ಜುಮ್ಮೆನ್ನುವುದಿಲ್ಲ? ಆ ಜುಮ್ಮೆಂದ ಮೈ ಮರುಕ್ಷಣವೇ ನಾಚಿಕೆಯಿಂದ ಸುಟ್ಟುಹೋಯಿತು. ಎದುರಿಗೆ ಕೂತವಳು ಪಾತ್ರವಲ್ಲ, ತನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು.

"ಹದಿಮೂರು ವರ್ಷ ನಂಗೆ," ಅಕ್ಕ ಹೇಳತೊಡಗಿದಳು, ಕತ್ತರಿಸುವ ಯಂತ್ರದ ಕಡೆ ನೋಡದೆ. "ಓದಿ ಓದಿ ಮರುಳಾಗ್ತೀಯ ಅಂತ ಅಮ್ಮ ಬೈತಿದ್ಲು, ಅದಕ್ಕೆ ಅಂಗಡೀಲೇ ಓದೋದು. ಅಪ್ಪ ಕಾಗದ ಸರಿಸ್ತಾನೆ, ಹ್ಞೂಂ ಅಂತಾನೆ, ನಾನು ಎಳೀತೀನಿ. ದಿನಾ ಸಾವಿರ ಸಲ. ಕೈಗೆ ಅಭ್ಯಾಸ ಆಗಿಬಿಟ್ಟಿತ್ತು. ಅವತ್ತು ಅವನು ಹ್ಞೂಂ ಅನ್ನೋ ಮೊದಲೇ ಕೈ ಎಳೆದುಬಿಡ್ತು. ನಾನು ಪುಟದಲ್ಲಿದ್ದೆ. ಪುಟ ಮುಗಿಯೋಕೆ ಇನ್ನು ನಾಲ್ಕೇ ಸಾಲು ಇತ್ತು."

"ಯಾವ ಪುಸ್ತಕ?"

"ಗೊತ್ತಿಲ್ಲ. ಒಳಗಿನ ಫಾರಂ ಮೇಲೆ ಹೆಸರು ಇರುತ್ತಾ? ಹದಿನೆಂಟನೇ ಫಾರಂ, ಅಷ್ಟೇ ಗೊತ್ತು. ಒಂದು ಹೆಂಗಸು ಬಾಗಿಲು ತಟ್ಟಿ ಕಾಯ್ತಾ ಇದ್ಲು. ತೆಗೆದ್ರೋ ಇಲ್ವೋ ಗೊತ್ತಿಲ್ಲ. 'ಬಿಡಿಸಿ ನೋಡಲ್ಲ' ಅಂತ ನೀವೆಲ್ಲ ನಗ್ತೀರಲ್ಲ, ಅದಕ್ಕೇ ನೋಡಲ್ಲ. ಯಾವ ದಪ್ಪ ಪುಸ್ತಕ ಬಿಡಿಸಿದ್ರೂ ಅದೇ ನಾಲ್ಕು ಸಾಲು ಇದ್ರೆ ಅಂತ ಭಯ."

ಗಡಿಯಾರ ನಾಲ್ಕು ಹೊಡೆಯಿತು. ಇಬ್ಬರೂ ಅತ್ತ ನೋಡಿದರು. ಇಲ್ಲಿಂದ ಪ್ರಕಾಶಕರ ಕಚೇರಿಗೆ ಅರ್ಧ ಗಂಟೆ.

ಅಕ್ಕ ಎದ್ದಳು. ಗೂಡಿನಿಂದ ಬಟ್ಟೆ ಸೀಳುವ ಚಾಕು ತಂದು ಪುಟ್ಟಿಯ ಮುಂದಿಟ್ಟಳು. ನಲವತ್ತರಲ್ಲಿ ಮೊದಲನೆಯ ಪುಸ್ತಕವನ್ನು ತನ್ನ ಎದುರಿಗೆ ಎಳೆದುಕೊಂಡಳು.

"ನಿನ್ನ ಬರಹ, ನಿನ್ನ ಕೇಳಬೇಕಾಗಿತ್ತು, ನಾನು ಕೇಳ್ದೆ ಕತ್ತರಿಸಿದೆ. ತಪ್ಪು ನಂದು. ಅಂಟು ಇನ್ನೂ ಪೂರ್ತಿ ಹಿಡಿದಿಲ್ಲ, ಬಟ್ಟೆ ಸೀಳಿದ್ರೆ ಪಟ್ಟಿ ಹಾಗೇ ಬಿಟ್ಕೊಂಡು ಬರುತ್ತೆ. ಅರ್ಧ ಗಂಟೇಲಿ ನಲವತ್ತೂ ಆಗುತ್ತೆ. ಒಂದು ಹಾಳೆ ಮೇಲೆ ಜೋಡಿಸಿ ಅಂಟಿಸಿ ಕೊಡ್ತೀನಿ."

"ಈ ಪುಸ್ತಕಗಳು?"

"ಗ್ರಂಥಾಲಯದವರಿಗೆ ಏನಾದ್ರೂ ಹೇಳ್ಕೋತೀನಿ."

"ಅಕ್ಕ, ಅಚ್ಚಾದ್ರೆ ಎಲ್ರೂ ಓದ್ತಾರೆ. ಊರಿಗೇ ಗೊತ್ತು ಆ ಅಪ್ಪ ಯಾರು ಅಂತ. ಆ ಹುಡುಗಿ ಯಾರು ಅಂತ."

"ಗೊತ್ತು. ಸೀಳು."

ಪುಟ್ಟಿ ಚಾಕು ಎತ್ತಿಕೊಂಡಳು. ಸಿಟ್ಟು ಇನ್ನೂ ಇತ್ತು, ಐದು ಗಂಟೆಯೂ ಇತ್ತು. ಹನ್ನೊಂದು ವರ್ಷದ ಬೆಳಗಿನ ಜಾವಗಳು ಸಾಲಾಗಿ ಹಿಂದೆ ನಿಂತು ಹೂಂ ಹೂಂ ಎನ್ನುತ್ತಿದ್ದವು. ಅಕ್ಕ ಪುಸ್ತಕ ಜಾರದಂತೆ ಬೆನ್ನಿನ ಎರಡೂ ಕಡೆ ಅಂಗೈ ಒತ್ತಿ ಹಿಡಿದಳು, ಕೆಲಸದವರು ಹಿಡಿಯುವ ಹಾಗೆ, ಬೆರಳುಗಳು ಅಲಗಿನ ದಾರಿಯಿಂದ ಒಂದಿಂಚು ದೂರಕ್ಕೆ. ಎಲ್ಲ ಬೆರಳೂ ಇದ್ದವು, ಅಂಟು ಒಣಗಿ ಬೆಳ್ಳಗೆ ಬಿರಿದಿದ್ದವು. ಅವಳು ಕಣ್ಣೆತ್ತದೆ, ಅಭ್ಯಾಸಬಲದಿಂದ, ಅಪ್ಪನ ಹಾಗೇ ಅಂದಳು:

"ಹ್ಞೂಂ."

ಪುಟ್ಟಿಯ ಕೈ ನಿಂತಿತು. ತಾನು ಬರೆದ ಆ ಫಾರಂನಲ್ಲಿ ಈ ಹ್ಞೂಂ ಏಳು ಸಲ ಬಂದಿತ್ತು. ಅದರ ತೂಕ ಎಷ್ಟೆಂದು ಬರೆಯುವಾಗ ಅವಳಿಗೆ ಗೊತ್ತಿರಲಿಲ್ಲ. ಹಿಡಿದವಳು ಕೈ ಕೊಟ್ಟು ನಂಬಿ ಕೂತಿದ್ದಾಳೆ, ಎಳೆಯುವವಳ ಕಣ್ಣು ಮಾತ್ರ ತನ್ನ ಪುಟದ ಮೇಲೆ.

ಅವಳು ಚಾಕನ್ನು ಮೇಜಿನ ಆ ತುದಿಗೆ, ಅಕ್ಕನ ಕೈಗೂ ತನ್ನ ಕೈಗೂ ಸಿಗದಷ್ಟು ದೂರಕ್ಕೆ ತಳ್ಳಿದಳು.

"ಬೇಡ ಬಿಡು," ಎಂದಳು. "ನಾನು ಹೋಗಲ್ಲ."

"ಹುಚ್ಚು ಹಿಡೀತಾ? ಐದು ಗಂಟೆ..."

"ಐದು ಗಂಟೆ ದಿನಾ ಬರುತ್ತೆ."

ಹೇಳಿದ್ದು ದೊಡ್ಡ ಮಾತು, ಆದರೆ ಇನ್ನೊಬ್ಬರದು ರೆಡಿ ಇದೆ ಎಂದ ಪ್ರಕಾಶಕರ ದನಿ ಕಿವಿಯಲ್ಲೇ ಇತ್ತು. ಅವಳು ಅರವತ್ತೊಂದು ಫಾರಂಗಳನ್ನು ಜೋಡಿಸಿ ದಾರ ಸುತ್ತತೊಡಗಿದಳು. ಗಂಟು ಸರಿಯಾಗಿ ಬೀಳಲಿಲ್ಲ. ಎರಡನೆಯ ಸಲವೂ ಬೀಳಲಿಲ್ಲ. ಕಣ್ಣು ಮಂಜಾಗಿ ದಾರ ಕಾಣುತ್ತಿರಲಿಲ್ಲ.

ಅಕ್ಕ ಅದನ್ನು ನೋಡುತ್ತ ನಿಂತಿದ್ದಳು. ಗಡಿಯಾರದ ಮುಳ್ಳು ನಾಲ್ಕೂ ಇಪ್ಪತ್ತು ದಾಟಿತು, ಅರ್ಧ ದಾಟಿತು. ಇನ್ನು ಹೊರಟರೂ ತಲುಪುವಂತಿಲ್ಲ ಎನ್ನುವ ಹೊತ್ತಿಗೆ ಅವಳು ಪುಟ್ಟಿಯ ಚೀಲಕ್ಕೆ ಕೈಹಾಕಿ ಫೋನ್ ತೆಗೆದಳು. ಪ್ರಕಾಶಕರ ಅರ್ಧಕ್ಕರ್ಧ ಪುಸ್ತಕ ಬೈಂಡ್ ಆಗುವುದು ಇದೇ ಮೇಜಿನ ಮೇಲೆ, ಅವರ ನಂಬರು ಅವಳಿಗೆ ಬಾಯಿಪಾಠ.

"ನಾನು, ಬೈಂಡಿಂಗ್‌ನಿಂದ. ನನ್ನ ತಂಗಿ ಕಾದಂಬರಿಯಲ್ಲಿ ಒಂದು ಫಾರಂ ಇನ್ನೂ ಬೈಂಡಿಂಗ್‌ನಲ್ಲಿದೆ. ಇವತ್ತಾಗಲ್ಲ." ಅತ್ತ ಕಡೆಯಿಂದ ಗೊಣಗಾಟ ಕೇಳಿಸಿತು. "ಐದು ಅಂದ್ರೆ ಐದು, ಗೊತ್ತು. ಹೋದ ವರ್ಷ ನಿಮ್ಮ ಎರಡು ಸಾವಿರ ಪುಸ್ತಕದ ಹಾಳೆ ನೀವು ಹತ್ತು ದಿನ ತಡವಾಗಿ ಕಳಿಸಿದಾಗ ನಾನು ಗಡಿಯಾರ ನೋಡಿದ್ನಾ? ಇಲ್ಲ, ಅವಳದ್ದೇನೂ ತಪ್ಪಿಲ್ಲ. ಕೆಡಿಸಿದ್ದು ನಾನು, ಸರಿ ಮಾಡಿಸೋಳೂ ನಾನೇ. ಹೂಂ. ಓದಿದೀನಿ. ಹೌದು ಸ್ವಾಮಿ, ನಾನೇ, ಓದಿದೀನಿ."

ಫೋನ್ ಇಟ್ಟಳು. "ನಾಳೆ ಬೆಳಿಗ್ಗೆ ಹತ್ತಂತೆ. ಹತ್ತೂ ಒಂದಾದ್ರೆ ಬಾಗಿಲು ಹಾಕ್ತಾನಂತೆ."

"ಹತ್ತಕ್ಕೆ ಏನು ಒಯ್ಯಲಿ? ಮತ್ತೆ ಬರೆಯೋಕೆ ನನ್ನಿಂದ ಆಗಲಿಲ್ಲ, ನೋಡ್ದೆಯಲ್ಲ."

"ಆಗಲ್ಲ ಮತ್ತೆ. ತಪ್ಪು ಬರ್ದಿದ್ರೆ ಎರಡನೇ ಸಲ ಹೇಗೆ ಬರುತ್ತೆ?"

ಅಕ್ಕ ರದ್ದಿ ರಾಶಿಯಿಂದ ಒಂದು ದೊಡ್ಡ ಹಾಳೆ ಎಳೆದು ಮೇಜಿನ ಮೇಲೆ ಹಾಸಿದಳು. ಕೆಟ್ಟ ಮಗ್ಗುಲು ಹೊರಗೆ ಬರುವಂತೆ ಮೂರು ಸಲ ಮಡಿಸಿ, ಮಡಿಕೆಯನ್ನು ಉಗುರಿನಿಂದ ತೀಡಿ, ಕೆಂಪು ಪೆನ್ಸಿಲ್ ಹುಡುಕಿ ಮೂವತ್ತೇಳು ಎಂದು ಬರೆದಳು. ಅದನ್ನು ಪುಟ್ಟಿಯ ಮುಂದಿಟ್ಟು, ತಾನು ಹೋಗಿ ಕತ್ತರಿಸುವ ಯಂತ್ರದ ಹಿಡಿಕೆಯ ಪಕ್ಕದಲ್ಲಿ ನಿಂತಳು. ಅದು ಅವಳು ನಿಲ್ಲಬೇಕಾದ ಜಾಗವೇ.

"ಆ ನಲವತ್ತು ಪುಸ್ತಕ ಹಾಗೇ ಹೋಗಲಿ," ಎಂದಳು. "ಅದರಲ್ಲಿರೋದು ತಪ್ಪು. ಅಪ್ಪ ಕಿರುಚಿದ ಅಂತ ಬರ್ದಿದೀಯ. ಕಿರುಚಲಿಲ್ಲ. ಹುಡುಗಿ ಹೆದರಿ ತಾನೇ ಹಾಳೆ ಬಚ್ಚಿಟ್ಟಳು ಅಂತ ಬರ್ದಿದೀಯ. ನಾನು ಬಚ್ಚಿಡಲಿಲ್ಲ, ನಂಗೆ ಕೈಯೇ ಆಡ್ತಿರಲಿಲ್ಲ. ಪುಟ್ಟೀ, ಬರ್ಕೋತಿದೀಯಾ?"

"ಹ್ಞೂಂ," ಎಂದಳು ಪುಟ್ಟಿ.

"ಅಪ್ಪ ಅಂಗಿ ಬಿಚ್ಚಿ ಕೈಗೆ ಸುತ್ಕೊಂಡ. ಮುಖ ಬೂದಿ ಹಾಗಾಗಿತ್ತು. ಯಂತ್ರದ ಕಡೆ ನೋಡಲಿಲ್ಲ, ಕೈ ಕಡೆ ನೋಡಲಿಲ್ಲ. ನನ್ನ ಎಡಗೈ ಕಡೆ ನೋಡಿದ, ಫಾರಂ ಇನ್ನೂ ಅಲ್ಲೇ ಇತ್ತು. ಮೆಲ್ಲಗೆ, ದಿನಾ ಹೇಳೋ ಹಾಗೇ ಹೇಳ್ದ. 'ಅದನ್ನ ಒಳಗಿಡು ಮಗಳೇ, ಅಮ್ಮ ಬರ್ತಾಳೆ' ಅಂದ."

ಬೀದಿಯಲ್ಲಿ ಗ್ರಂಥಾಲಯದ ಗಾಡಿ ಬಂದು ನಿಂತ ಸದ್ದಾಯಿತು. ಯಾರೋ ಷಟರ್ ತಟ್ಟಿದರು. ಇಬ್ಬರೂ ಕದಲಲಿಲ್ಲ.

"ಆಮೇಲೆ?" ಪುಟ್ಟಿ ಕೇಳಿದಳು.

"ಆಮೇಲೇನು?" ಎಂದಳು ಅಕ್ಕ. "ಒಳಗಿಟ್ಟೆ."